‘ಈ ವಯಸ್ಸಿನಲ್ಲಿ ಆಪರೇಷನ್ ಬೇಕಾ?’ ಎನ್ನುವವರಿಗೆ

ಎಂಬತ್ತರ ಆಸುಪಾಸಿನ ಹಿರಿಯರಿಗೆ ಹೃದಯದ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ ದಿನ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತರಹದ್ದು. ಮಗ ತಮ್ಮನಿಗೆ ಫೋನ್ ಮಾಡುತ್ತಾನೆ. ಸೋದರಮಾವ ಬರುತ್ತಾರೆ. ಪರಿಚಯದ ಇನ್ನೊಬ್ಬ ಡಾಕ್ಟರಿಗೆ ರಿಪೋರ್ಟಿನ ಫೋಟೋ ಹೋಗುತ್ತದೆ. ರಾತ್ರಿ ಊಟದ ಹೊತ್ತಿಗೆ ತೀರ್ಮಾನ ಆಗಿಬಿಟ್ಟಿರುತ್ತದೆ: ‘ಈ ವಯಸ್ಸಿನಲ್ಲಿ ಎದೆ ಕುಯ್ಯಿಸೋದು ಬೇಡ. ಇರೋಷ್ಟು ದಿನ ನೆಮ್ಮದಿಯಾಗಿ ಇರಲಿ.’ ಹೇಳುವವರ ದನಿಯಲ್ಲಿ ಪ್ರೀತಿಯಿರುತ್ತದೆ, ಕೇಳಿದವರು ತಲೆಯಾಡಿಸುತ್ತಾರೆ. ವಿವೇಕದ ಮಾತಿನಂತೆ ಕೇಳಿಸುವುದರಿಂದ ಇದನ್ನು ಯಾರೂ ಪ್ರಶ್ನಿಸುವುದಿಲ್ಲ.

ಪ್ರಶ್ನಿಸಲೇಬೇಕಾದ ಮಾತು ಇದು. ಇದರಲ್ಲಿ ಮೂರು ತಪ್ಪುಗಳಿವೆ. ಹುಟ್ಟಿದ ಇಸವಿಯನ್ನು ನೋಡಿ ದೇಹದ ಶಕ್ತಿಯನ್ನು ಅಳೆಯುವುದು ಮೊದಲನೆಯದು. ಆಪರೇಷನ್‌ನ ಅಪಾಯವನ್ನು ಎಣಿಸಿ, ಆಪರೇಷನ್ ಮಾಡಿಸದಿರುವುದರ ಅಪಾಯವನ್ನು ಎಣಿಸದೇ ಬಿಡುವುದು ಎರಡನೆಯದು. ಯಾರ ಎದೆಯ ಬಗ್ಗೆ ಮಾತು ನಡೆದಿದೆಯೋ ಅವರನ್ನೇ ಮಾತಿನಿಂದ ಹೊರಗಿಡುವುದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು.

ಎದುರಿನ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಬೈಪಾಸ್ ಅಥವಾ ವಾಲ್ವ್ ಬದಲಾವಣೆ ಸಣ್ಣ ಕೆಲಸವಲ್ಲ. ಎದೆಮೂಳೆಯನ್ನು ಸೀಳಬೇಕು. ಬಹಳಷ್ಟು ಆಪರೇಷನ್‌ಗಳಲ್ಲಿ ಹೃದಯವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸಬೇಕು. ವಯಸ್ಸಾದವರಲ್ಲಿ ಮೂತ್ರಪಿಂಡ ಸೋಲಬಹುದು, ಪಾರ್ಶ್ವವಾಯು ಹೊಡೆಯಬಹುದು, ಹೃದಯದ ಬಡಿತ ತಾಳ ತಪ್ಪಬಹುದು. ಐಸಿಯುವಿನಲ್ಲಿ ಹಗಲು ರಾತ್ರಿ ತಿಳಿಯದೆ ಮನಸ್ಸು ಗೊಂದಲಕ್ಕೆ ಬಿದ್ದು, ಸ್ವಂತ ಮಗಳ ಗುರುತು ಸಿಗದೆ ಕೂಗಾಡುವ ಹಿರಿಯರನ್ನು ಕಂಡವರು ಆ ದೃಶ್ಯವನ್ನು ಮರೆಯುವುದಿಲ್ಲ. ಈ ಭಯ ಕಲ್ಪಿತವಲ್ಲ, ಅದಕ್ಕೆ ಅಂಕಿಗಳ ಬೆಂಬಲವೂ ಇದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೃದಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 67,764 ಮಂದಿಯನ್ನು ಪರಿಶೀಲಿಸಿತು. ಅವರಲ್ಲಿ 4,743 ಮಂದಿ ಎಂಬತ್ತು ದಾಟಿದವರು. ಬೈಪಾಸ್ ಮಾತ್ರ ಮಾಡಿಸಿಕೊಂಡವರ ಪೈಕಿ ಎಂಬತ್ತು ದಾಟಿದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ನೂರಕ್ಕೆ 8.1, ಅವರಿಗಿಂತ ಚಿಕ್ಕವರಲ್ಲಿ 3. ಪಾರ್ಶ್ವವಾಯು ಮತ್ತು ಮೂತ್ರಪಿಂಡ ವೈಫಲ್ಯ ಹಿರಿಯರಲ್ಲಿ ಸುಮಾರು ಎರಡು ಪಟ್ಟು.

‘ಬೇಡ’ ಎನ್ನುವವರು ಇಷ್ಟು ಓದಿ ಪುಟ ಮುಚ್ಚುತ್ತಾರೆ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ಬೇರೆ ಗಂಭೀರ ಕಾಯಿಲೆಗಳಿಲ್ಲದ ಎಂಬತ್ತು ದಾಟಿದವರನ್ನಷ್ಟೇ ತೆಗೆದುಕೊಂಡರೆ ಬೈಪಾಸ್‌ನಲ್ಲಿ ಸಾವು ನೂರಕ್ಕೆ 4.2ಕ್ಕೆ ಇಳಿಯುತ್ತದೆ. ವಯಸ್ಸು ಅಷ್ಟೇ ಇದೆ, ಅಪಾಯ ಮಾತ್ರ ಅರ್ಧದಷ್ಟಾಗಿದೆ. ಅಪಾಯದ ಅರ್ಧದಷ್ಟು ಪಾಲು ವಯಸ್ಸಿನಿಂದ ಬಂದದ್ದಲ್ಲ, ಜೊತೆಗಿದ್ದ ಇತರ ಕಾಯಿಲೆಗಳಿಂದ ಬಂದದ್ದು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷ್ಯ ಬೇಕಿಲ್ಲ. ಅದೂ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಲೆಕ್ಕ. ಆಮೇಲೆ ಅರಿವಳಿಕೆ, ರಕ್ತಸ್ರಾವದ ನಿಯಂತ್ರಣ, ಐಸಿಯು ಆರೈಕೆ ಎಲ್ಲವೂ ಮುಂದೆ ಬಂದಿವೆ.

ಆ ಅಧ್ಯಯನ ಇನ್ನೂ ಒಂದು ಸಂಗತಿಯನ್ನು ಗುರುತಿಸಿತ್ತು. ಎಂಬತ್ತು ದಾಟಿದ ರೋಗಿಗಳಿಗೆ ಇತರ ಕಾಯಿಲೆಗಳು ಚಿಕ್ಕವರಿಗಿಂತ ಕಡಿಮೆಯೇ ಇದ್ದವು. ಆದರೆ ಹೃದಯದ ಕಾಯಿಲೆ ಹೆಚ್ಚು ಬಲಿತಿತ್ತು, ಆಪರೇಷನ್ ಹೆಚ್ಚು ತುರ್ತಿನಲ್ಲಿ ನಡೆದಿತ್ತು. ಅಂದರೆ ಅವರು ತಡವಾಗಿ ಬಂದರು. ನಮ್ಮಲ್ಲೂ ಆಗುವುದು ಇದೇ. ‘ಬೇಡ, ಮಾತ್ರೆಯಲ್ಲೇ ನೋಡೋಣ’ ಎಂದು ವರ್ಷ ದೂಡುತ್ತೇವೆ. ಒಂದು ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಆಂಬುಲೆನ್ಸ್ ಬರುತ್ತದೆ, ಆಕ್ಸಿಜನ್ ಹಾಕುತ್ತಾರೆ, ರಕ್ತದೊತ್ತಡ ಕುಸಿದಿರುತ್ತದೆ, ಮೂತ್ರಪಿಂಡ ಆಗಲೇ ಸೋತಿರುತ್ತದೆ. ಅಂಥ ಸ್ಥಿತಿಯಲ್ಲಿ ಆಪರೇಷನ್ ಮಾಡಿದರೆ ಅಪಾಯ ಹಲವು ಪಟ್ಟು ಏರುತ್ತದೆ, ಕೆಲವರು ಉಳಿಯುವುದಿಲ್ಲ. ಆಗ ಕೇರಿಯೆಲ್ಲ ಹೇಳುತ್ತದೆ: ‘ನೋಡಿ, ವಯಸ್ಸಾದವರು ಆಪರೇಷನ್ ತಡಕೊಳ್ಳಲ್ಲ ಅಂದಿದ್ದೆವಲ್ಲ.’ ನಂಬಿಕೆಯೇ ತಡ ಮಾಡಿಸುತ್ತದೆ, ತಡವೇ ಸಾವು ತರುತ್ತದೆ, ಆ ಸಾವು ಮತ್ತೆ ನಂಬಿಕೆಗೆ ಪುರಾವೆಯಾಗುತ್ತದೆ. ಹಿರಿಯ ರೋಗಿಗಳನ್ನು ಬಲಿ ತೆಗೆದುಕೊಳ್ಳುತ್ತಿರುವುದು ಈ ಸುತ್ತು.

ಇನ್ನು ‘ನೆಮ್ಮದಿಯಾಗಿ ಇರಲಿ’ ಎಂಬ ಮಾತಿಗೆ ಬರೋಣ. ಮುಪ್ಪಿನಲ್ಲಿ ಹೆಚ್ಚಾಗಿ ಕಾಣುವ ಹೃದಯದ ಕಾಯಿಲೆಗಳಲ್ಲಿ ಮಹಾಪಧಮನಿಯ ವಾಲ್ವ್ ಕಿರಿದಾಗುವುದೂ ಒಂದು. ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಬಾಗಿಲು ಈ ವಾಲ್ವ್. ಆರೋಗ್ಯವಂತರಲ್ಲಿ ಅದರ ಬಾಯಿ 3ರಿಂದ 4 ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ವಯಸ್ಸಾದಂತೆ ಅದರ ಪದರಗಳ ಮೇಲೆ ಸುಣ್ಣದಂಶ ಕಟ್ಟಿ, ಅವು ಗಡುಸಾಗಿ, ಬಾಯಿ 1 ಚದರ ಸೆಂಟಿಮೀಟರಿಗಿಂತಲೂ ಕಿರಿದಾದರೆ ಕಾಯಿಲೆ ತೀವ್ರ ಹಂತ ಮುಟ್ಟಿತೆಂದು ಲೆಕ್ಕ. ಕೆರೆಯ ತೂಬು ಕಟ್ಟಿಕೊಂಡರೆ ಗದ್ದೆಗೆ ನೀರು ಹರಿಸಲು ತೂಬನ್ನೇ ಬಿಡಿಸಬೇಕು, ಇಲ್ಲಿಯೂ ಹಾಗೆಯೇ. ಕಟ್ಟಿಕೊಂಡ ವಾಲ್ವನ್ನು ತೆರೆಯುವ ಮಾತ್ರೆ ಇವತ್ತಿನವರೆಗೂ ಬಂದಿಲ್ಲ. ನೀರು ಇಳಿಸುವ ಮಾತ್ರೆ ಕೊಡಬಹುದು, ಉಸಿರಾಟ ಸ್ವಲ್ಪ ಹಗುರಾಗಬಹುದು, ಬಾಗಿಲು ಮಾತ್ರ ಮುಚ್ಚುತ್ತಲೇ ಹೋಗುತ್ತದೆ.

ಈ ರೋಗಿಯ ‘ನೆಮ್ಮದಿ’ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಕುಳಿತೇ ರಾತ್ರಿ ಕಳೆಯಬೇಕು. ಪಾದ ಊದಿ ಚಪ್ಪಲಿ ಹಿಡಿಸುವುದಿಲ್ಲ. ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮೇಲುಸಿರು. ಒಮ್ಮೆ ತಲೆಸುತ್ತಿ ಬಿದ್ದ ಮೇಲೆ ಒಬ್ಬರೇ ಎದ್ದು ನಡೆಯಲು ಭಯ. ತಿಂಗಳು ಎರಡು ತಿಂಗಳಿಗೊಮ್ಮೆ ಆಸ್ಪತ್ರೆ, ಇಂಜೆಕ್ಷನ್, ಡಿಸ್ಚಾರ್ಜ್, ಮತ್ತೆ ಆಸ್ಪತ್ರೆ. ಇದನ್ನು ನೆಮ್ಮದಿ ಎಂದು ಕರೆಯುವ ಹಕ್ಕು ಪಕ್ಕದ ಕೋಣೆಯಲ್ಲಿ ಚೆನ್ನಾಗಿ ನಿದ್ದೆ ಮಾಡುವವರಿಗಿಲ್ಲ.

ಈ ಕಾಯಿಲೆಯಲ್ಲಿ ಉಬ್ಬಸ, ಎದೆಹಿಡಿತ, ಪ್ರಜ್ಞೆ ತಪ್ಪುವುದು ಶುರುವಾದ ಮೇಲೆ ಆಯಸ್ಸು ಕೆಲವೇ ವರ್ಷಗಳದ್ದು ಎಂದು ಅಮೆರಿಕದ ಹೃದ್ರೋಗ ತಜ್ಞರಾದ ರಾಸ್ ಮತ್ತು ಬ್ರಾನ್‌ವಾಲ್ಡ್ 1968ರಲ್ಲೇ ತೋರಿಸಿದ್ದರು. ಹೃದಯ ವೈಫಲ್ಯ ಕಾಣಿಸಿಕೊಂಡರೆ ಸರಾಸರಿ ಎರಡು ವರ್ಷದಷ್ಟು. 2002ರಲ್ಲಿ ಫ್ರಾನ್ಸ್‌ನ ರುವಾನ್ ನಗರದಲ್ಲಿ ಆಲಾಂ ಕ್ರಿಬಿಯೇ ಎಂಬ ವೈದ್ಯರು ಎದೆ ಸೀಳದೆ, ತೊಡೆಸಂದಿಯ ರಕ್ತನಾಳದ ಮೂಲಕ ಹೊಸ ವಾಲ್ವನ್ನು ಮನುಷ್ಯನ ಹೃದಯದಲ್ಲಿ ಮೊದಲ ಬಾರಿಗೆ ಕೂರಿಸಿದರು. ಇವತ್ತು ಟಾವಿ ಎಂದು ಕರೆಯುವುದು ಇದನ್ನೇ. ಆ ವಿಧಾನವನ್ನು ಪರೀಕ್ಷಿಸಿದ ಪಾರ್ಟ್‌ನರ್ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಅದರಲ್ಲಿದ್ದ 358 ಮಂದಿಯ ಸರಾಸರಿ ವಯಸ್ಸು 83. ತೆರೆದ ಎದೆಯ ಆಪರೇಷನ್ ತಡೆಯಲಾರರು ಎಂದು ಶಸ್ತ್ರವೈದ್ಯರೇ ಕೈಬಿಟ್ಟವರು ಅವರೆಲ್ಲ. ವಾಲ್ವ್ ಬದಲಿಸದೆ ಉಳಿದ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು ನೂರಕ್ಕೆ 50.7. ಹೊಸ ವಾಲ್ವ್ ಪಡೆದವರಲ್ಲಿ 30.7. ‘ಏನೂ ಮಾಡಿಸುವುದು ಬೇಡ’ ಎಂಬುದು ಸುರಕ್ಷಿತ ದಾರಿ ಎಂದುಕೊಂಡವರು ಮೊದಲ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಆ ದಾರಿ ಹಿಡಿದ ಅರ್ಧಕ್ಕರ್ಧ ಜನ ವರ್ಷ ಕಳೆಯುವುದರೊಳಗೆ ಇರಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಅಪಾಯ ಹೆಚ್ಚಿದ್ದರೂ ಆಪರೇಷನ್‌ಗೆ ಒಗ್ಗಬಹುದಾದ 699 ಮಂದಿಯಿದ್ದರು, ಸರಾಸರಿ ವಯಸ್ಸು 84. ಅವರಲ್ಲಿ ಎದೆ ತೆರೆದು ವಾಲ್ವ್ ಬದಲಿಸುವ ಗುಂಪಿಗೆ ಸೇರಿದವರ ಪೈಕಿ ಮೂವತ್ತು ದಿನದೊಳಗೆ ತೀರಿಕೊಂಡವರು ನೂರಕ್ಕೆ 6.5. ಎಂಬತ್ತನಾಲ್ಕರ ವಯಸ್ಸಿನ, ಅಪಾಯದ ಅಂಚಿನಲ್ಲಿದ್ದ ನೂರು ಜನರಲ್ಲಿ ತೊಂಬತ್ತಮೂರು ಜನ ಮೊದಲ ತಿಂಗಳು ದಾಟಿದರು. ನಮ್ಮ ಮನೆಗಳ ಮಾತುಕತೆಯಲ್ಲಿ ಈ ತೊಂಬತ್ತಮೂರು ಜನರ ಪ್ರಸ್ತಾಪವೇ ಬರುವುದಿಲ್ಲ.

ಹಾಗಾದರೆ ವಯಸ್ಸು ನೋಡದೆ ಇನ್ನೇನು ನೋಡಬೇಕು? ದೇಹದ ಕಸುವು ನೋಡಬೇಕು. ಅದನ್ನು ಅಳೆಯುವ ವಿಧಾನಗಳಿವೆ, ಅದರಲ್ಲೊಂದಕ್ಕೆ ಆಸ್ಪತ್ರೆಯ ವರಾಂಡ ಮತ್ತು ಒಂದು ಗಡಿಯಾರ ಸಾಕು. ನೆಲದ ಮೇಲೆ ಐದು ಮೀಟರ್ ಅಳೆದು ಗೆರೆ ಹಾಕಿ, ರೋಗಿಗೆ ತಮ್ಮ ಎಂದಿನ ನಡಿಗೆಯಲ್ಲಿ ನಡೆಯಲು ಹೇಳುತ್ತಾರೆ. ಊರುಗೋಲು ಬೇಕಿದ್ದರೆ ಹಿಡಿಯಬಹುದು. ಅಮೆರಿಕ ಮತ್ತು ಕೆನಡಾದ ನಾಲ್ಕು ಆಸ್ಪತ್ರೆಗಳಲ್ಲಿ, ಹೃದಯ ಶಸ್ತ್ರಚಿಕಿತ್ಸೆಗೆ ಬಂದಿದ್ದ ಎಪ್ಪತ್ತು ದಾಟಿದ 131 ಮಂದಿಯನ್ನು ಹೀಗೆ ನಡೆಸಿ ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಆ ಐದು ಮೀಟರಿಗೆ ಆರು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ಸಾವು ಅಥವಾ ದೊಡ್ಡ ತೊಡಕಿನ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಎಪ್ಪತ್ತೆರಡರಲ್ಲೇ ಕಾಲೆಳೆಯುವವರಿದ್ದಾರೆ, ಎಂಬತ್ತೈದರಲ್ಲೂ ತೋಟಕ್ಕೆ ಹೋಗಿ ಬರುವವರಿದ್ದಾರೆ. ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ತಾರೀಕಿಗಿಂತ ಈ ಐದು ಮೀಟರ್ ಎಷ್ಟೋ ಹೆಚ್ಚು ಹೇಳುತ್ತದೆ. ಇದರ ಜೊತೆಗೆ ಕಳೆದ ಆರು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ, ಸ್ನಾನ ಊಟ ತಾವೇ ಮಾಡಿಕೊಳ್ಳುತ್ತಾರೆಯೇ, ನೆನಪು ಹೇಗಿದೆ, ಮೂತ್ರಪಿಂಡ ಶ್ವಾಸಕೋಶಗಳ ಸ್ಥಿತಿ ಏನು ಎಂಬುದನ್ನೆಲ್ಲ ಸೇರಿಸಿದರೆ ಈ ಒಬ್ಬ ವ್ಯಕ್ತಿಯ ಅಪಾಯ ಎಷ್ಟೆಂದು ಅಂದಾಜು ಸಿಗುತ್ತದೆ.

ನಮ್ಮ ದೇಶದ ಉದಾಹರಣೆಯೊಂದು ಎಲ್ಲರ ಕಣ್ಣೆದುರೇ ನಡೆದಿದೆ. 2009ರ ಜನವರಿ 24ರಂದು ದೆಹಲಿಯ ಏಮ್ಸ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರಿಗೆ ಬೈಪಾಸ್ ಆಯಿತು. ಆಗ ಅವರಿಗೆ 76. ಮಧುಮೇಹವಿತ್ತು. 1990ರಲ್ಲಿ ಒಮ್ಮೆ ಬೈಪಾಸ್ ಆಗಿತ್ತು. ಒಮ್ಮೆ ತೆರೆದ ಎದೆಯನ್ನು ಮತ್ತೆ ತೆರೆಯುವುದು ಮೊದಲ ಬಾರಿಗಿಂತ ಕಷ್ಟದ ಕೆಲಸ. ‘ಈ ವಯಸ್ಸಿನಲ್ಲಿ ಬೇಕಾ’ ಎನ್ನಲು ಎಲ್ಲ ಕಾರಣಗಳೂ ಅಲ್ಲಿದ್ದವು. ಅವರು ಚೇತರಿಸಿಕೊಂಡು, ಅದೇ ವರ್ಷ ಎರಡನೆಯ ಅವಧಿಗೆ ಪ್ರಮಾಣವಚನ ಸ್ವೀಕರಿಸಿ, ಇನ್ನೂ ಐದು ವರ್ಷ ದೇಶ ನಡೆಸಿದರು. ತೀರಿಕೊಂಡದ್ದು 2024ರ ಡಿಸೆಂಬರ್ 26ರಂದು, 92ನೆಯ ವಯಸ್ಸಿನಲ್ಲಿ. ಪ್ರಧಾನಿಗೆ ಸಿಗುವ ವೈದ್ಯರು ನಮಗೆ ಸಿಗುತ್ತಾರೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಪ್ರಶ್ನೆ ಕೇಳಿದ ಕ್ಷಣವೇ, ತೊಡಕು ವಯಸ್ಸಿನದಲ್ಲ, ಸೌಲಭ್ಯದ್ದು ಎಂದು ಒಪ್ಪಿಕೊಂಡಂತಾಯಿತು. ಹಾಗಿದ್ದರೆ ಜಗಳ ಸೌಲಭ್ಯಕ್ಕಾಗಿ ಆಗಲಿ. ಅಪ್ಪನ ವಯಸ್ಸನ್ನು ಅದಕ್ಕೆ ಹೊಣೆ ಮಾಡುವುದು ಬೇಡ.

ಇನ್ನೊಂದು ಉದಾಹರಣೆ ಇಷ್ಟು ಸರಳವಲ್ಲ, ಅದಕ್ಕೇ ಹೇಳಬೇಕಾಗಿದೆ. ಹೃದಯ ಶಸ್ತ್ರಚಿಕಿತ್ಸೆಯನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದ ಹ್ಯೂಸ್ಟನ್‌ನ ಮೈಕೇಲ್ ಡಿಬೇಕಿ ಅವರಿಗೆ 2005ರ ಡಿಸೆಂಬರ್ 31ರಂದು, 97ನೆಯ ವಯಸ್ಸಿನಲ್ಲಿ, ಮಹಾಪಧಮನಿಯ ಒಳಪದರ ಸೀಳಿತು. ಇದಕ್ಕೆ ಆಪರೇಷನ್ ರೂಪಿಸಿದವರೇ ಅವರು. ನೋವು ಬಂದಾಗಲೇ ಕಾಯಿಲೆ ಏನೆಂದು ಅವರಿಗೆ ಹೊಳೆದಿತ್ತು. ಆದರೂ ಆಪರೇಷನ್ ಬೇಡವೆಂದು ವಾರಗಟ್ಟಲೆ ಮುಂದೂಡಿದರು. ಫೆಬ್ರುವರಿಯಲ್ಲಿ ಪ್ರಜ್ಞೆ ಮಂಕಾಗಿ, ಮಾತಿಗೆ ಸ್ಪಂದಿಸದ ಸ್ಥಿತಿ ತಲುಪಿದಾಗ ಆಸ್ಪತ್ರೆಯ ಅರಿವಳಿಕೆ ತಜ್ಞರು ಹಿಂಜರಿದರು, ನೈತಿಕ ಸಮಿತಿ ರಾತ್ರಿ ಸಭೆ ಸೇರಿತು, ಹೆಂಡತಿ ಪಟ್ಟು ಹಿಡಿದರು. ಕೊನೆಗೆ ಆಪರೇಷನ್ ಆಯಿತು. ಚೇತರಿಕೆಗೆ ತಿಂಗಳುಗಟ್ಟಲೆ ಹಿಡಿಯಿತು. ವೆಂಟಿಲೇಟರ್, ಡಯಾಲಿಸಿಸ್ ಎಲ್ಲವನ್ನೂ ಅವರು ಅನುಭವಿಸಿದರು. ಆಮೇಲೆ ಮತ್ತೆ ಕೆಲಸಕ್ಕೆ ಬಂದರು, 2008ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಅಮೆರಿಕದ ಸಂಸತ್ತಿನ ಚಿನ್ನದ ಪದಕ ಸ್ವೀಕರಿಸಿದರು, ಅದೇ ವರ್ಷದ ಜುಲೈಯಲ್ಲಿ, ನೂರು ತುಂಬಲು ಎರಡು ತಿಂಗಳಿರುವಾಗ, ತೀರಿಕೊಂಡರು. ತಮ್ಮ ವೈದ್ಯರು ಮಾಡಿದ್ದು ಸರಿ ಎಂದು ಅವರೇ ಹೇಳಿದ್ದರು. ತೊಂಬತ್ತೇಳರಲ್ಲೂ ಬದುಕಲು ಸಾಧ್ಯ ಎಂಬುದು ಈ ಕತೆಯ ಒಂದು ಪಾಠ. ಎರಡನೆಯದು ಅದಕ್ಕಿಂತ ಮುಖ್ಯ: ಮಾತಾಡಬಲ್ಲ ದಿನಗಳಲ್ಲಿ ಗಟ್ಟಿಯಾಗಿ ತೀರ್ಮಾನ ಮಾಡದಿದ್ದರೆ, ಅದು ಮಾತಾಡಲಾಗದ ರಾತ್ರಿಯಲ್ಲಿ ಬೇರೆಯವರ ಕೈಗೆ ಹೋಗುತ್ತದೆ.

ಎಲ್ಲ ಹಿರಿಯರಿಗೂ ಆಪರೇಷನ್ ಮಾಡಿಸಿ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ‘ಬೇಡ’ ಎಂಬುದೇ ಸರಿಯಾದ ಉತ್ತರವಾಗುವ ಸಂದರ್ಭಗಳು ಬೇಕಾದಷ್ಟಿವೆ. ಪಾರ್ಟ್‌ನರ್ ಅಧ್ಯಯನದ ಆ 358 ಮಂದಿಯನ್ನು ಐದು ವರ್ಷ ಹಿಂಬಾಲಿಸಿದಾಗ, ಹೊಸ ವಾಲ್ವ್ ಪಡೆದವರಲ್ಲೂ ನೂರಕ್ಕೆ 71.8 ಮಂದಿ ತೀರಿಕೊಂಡಿದ್ದರು, ಪಡೆಯದವರಲ್ಲಿ 93.6. ದೇಹದ ಕಸುವು ಪೂರ್ತಿ ಬತ್ತಿದವರಿಗೆ, ಮರೆವಿನ ಕಾಯಿಲೆ ಬಲಿತವರಿಗೆ, ಕೊನೆಯ ಹಂತದ ಕ್ಯಾನ್ಸರ್ ಇರುವವರಿಗೆ ಹೊಸ ವಾಲ್ವ್ ಹೊಸ ಬದುಕು ಕೊಡುವುದಿಲ್ಲ. ಹೃದಯಾಘಾತದಲ್ಲೂ ಅಷ್ಟೆ. ನಾರ್ವೆಯಲ್ಲಿ ಎಂಬತ್ತು ದಾಟಿದ 457 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ, ಒಂದು ಬಗೆಯ ಹೃದಯಾಘಾತದಲ್ಲಿ ಬೇಗ ಆಂಜಿಯೋಗ್ರಾಮ್ ಮಾಡಿ, ಅಗತ್ಯವಿದ್ದರೆ ಸ್ಟೆಂಟ್ ಅಥವಾ ಬೈಪಾಸ್ ಮಾಡುವುದು ಮಾತ್ರೆಗಿಂತ ಮೇಲು ಎಂದು ತೋರಿಸಿತು. 2024ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, ಎಪ್ಪತ್ತೈದು ದಾಟಿದ 1,518 ಮಂದಿಯಲ್ಲಿ, ಹೃದ್ರೋಗದ ಸಾವು ಮತ್ತು ಹೃದಯಾಘಾತ ಎರಡನ್ನೂ ಕೂಡಿಸಿ ನೋಡಿದಾಗ ಅಂಥ ಲಾಭ ಕಾಣಲಿಲ್ಲ; ಮತ್ತೆ ಹೃದಯಾಘಾತವಾಗುವುದು ಮಾತ್ರ ಕಡಿಮೆಯಾಯಿತು. ಈ ಫಲಿತಾಂಶಗಳನ್ನು ನಾನು ಮುಚ್ಚಿಡುವುದಿಲ್ಲ, ಏಕೆಂದರೆ ಅವು ನನ್ನ ವಾದಕ್ಕೆ ವಿರುದ್ಧವಾಗಿಲ್ಲ. ಯಾವ ಕಾಯಿಲೆ, ಯಾವ ದೇಹ, ಯಾವ ಹಂತ, ಯಾವ ಬಗೆಯ ಚಿಕಿತ್ಸೆ ಎಂದು ಒಂದೊಂದಾಗಿ ಕೇಳಿ ‘ಬೇಡ’ ಎಂದರೆ ಅದು ವೈದ್ಯಕೀಯ. ‘ಎಂಬತ್ತಾಯಿತು’ ಎಂಬ ಒಂದೇ ಕಾರಣಕ್ಕೆ ‘ಬೇಡ’ ಎಂದರೆ ಅದು ಕೈಬಿಡುವುದು.

‘ಸರಾಸರಿ ಆಯಸ್ಸು ಎಪ್ಪತ್ತು, ಉಳಿದದ್ದು ಬೋನಸ್ಸು’ ಎಂಬ ಲೆಕ್ಕವೂ ತಪ್ಪು. ಹುಟ್ಟಿದ ಮಗುವಿಗೆ ಹೇಳುವ ಸರಾಸರಿ ಅದು. ಶೈಶವದಲ್ಲಿ, ಹೆರಿಗೆಯಲ್ಲಿ, ರಸ್ತೆಯಲ್ಲಿ ಆದ ಸಾವುಗಳೆಲ್ಲ ಅದರಲ್ಲಿ ಸೇರಿವೆ. ಅವನ್ನೆಲ್ಲ ದಾಟಿ ಎಪ್ಪತ್ತು ಮುಟ್ಟಿದ ಭಾರತೀಯರಿಗೆ ಮುಂದೆ ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಬದುಕಿದೆ. ಹತ್ತು ವರ್ಷವೆಂದರೆ ಮೊಮ್ಮಗಳು ಎಸ್ಸೆಸ್ಸೆಲ್ಸಿಯಿಂದ ಕೆಲಸಕ್ಕೆ ಸೇರುವವರೆಗಿನ ಕಾಲ. ಅದನ್ನು ಬೇರೆಯವರು ಬೋನಸ್ಸು ಎಂದು ತಳ್ಳಿಹಾಕುವಂತಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪಿಗೆ ಬರುತ್ತೇನೆ. ಕೌನ್ಸೆಲಿಂಗ್ ಕೋಣೆಯಲ್ಲಿ ಡಾಕ್ಟರು ಮಗನ ಮುಖ ನೋಡಿ ಮಾತಾಡುತ್ತಾರೆ. ತಾಯಿ ಗಾಲಿಕುರ್ಚಿಯಲ್ಲಿ ಹೊರಗೆ ಕಾಯುತ್ತಿರುತ್ತಾರೆ. ‘ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ಗಾಬರಿ ಆಗ್ತಾರೆ’ ಎಂದು ಮಗ ಬೇಡಿಕೊಳ್ಳುತ್ತಾನೆ. ಎಂಟು ಜನರ ಸಂಸಾರ ನಡೆಸಿದ, ಗಂಡ ಸತ್ತ ಮೇಲೆ ಜಮೀನಿನ ವ್ಯಾಜ್ಯವನ್ನು ಕೋರ್ಟಿನಲ್ಲಿ ಗೆದ್ದ ಹೆಂಗಸು ತನ್ನ ಎದೆಯೊಳಗೆ ಏನಾಗಿದೆ ಎಂದು ಕೇಳಿದರೆ ಗಾಬರಿಯಾಗುತ್ತಾಳೆ ಎಂದು ತೀರ್ಮಾನಿಸಿದವರು ಯಾರು? ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗಿ ವಯಸ್ಕಳಾಗಿ ಬುದ್ಧಿ ಸ್ವಾಧೀನದಲ್ಲಿರುವಾಗ ಆಕೆಯ ಬದಲು ತಾಯಿ ಕೊಟ್ಟ ಒಪ್ಪಿಗೆ ಸಲ್ಲುವುದಿಲ್ಲ ಎಂದು ಹೇಳಿತು. ಚಿಕಿತ್ಸೆ ಏನು, ಬೇರೆ ದಾರಿಗಳೇನು, ಅಪಾಯಗಳೇನು ಎಂಬುದರ ಜೊತೆಗೆ ಚಿಕಿತ್ಸೆ ನಿರಾಕರಿಸಿದರೆ ಏನಾಗುತ್ತದೆ ಎಂಬುದನ್ನೂ ರೋಗಿಗೆ ತಿಳಿಸಬೇಕು ಎಂದಿತು. ತಾಯಿ ಮಗಳ ಪರವಾಗಿ ಒಪ್ಪಿಗೆ ಕೊಡುವಂತಿಲ್ಲ ಎಂದಾದರೆ, ಮಗ ತಾಯಿಯ ಪರವಾಗಿ ನಿರಾಕರಿಸುವುದಕ್ಕೂ ಅದೇ ನ್ಯಾಯ.

ಈ ‘ಬೇಡ’ದ ಹಿಂದೆ ಎಷ್ಟೋ ಸಲ ದುಡ್ಡಿನ ಚಿಂತೆಯಿರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಟಾವಿ ವಾಲ್ವಿನ ಬೆಲೆ ಇವತ್ತಿಗೂ ಸಾಮಾನ್ಯ ಕುಟುಂಬದ ಕೈಗೆ ಎಟುಕುವುದಿಲ್ಲ. ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ನೋಡಿಕೊಳ್ಳುವ ಹೊರೆ ಸೊಸೆಯ, ಮಗಳ ಹೆಗಲಿಗೇ ಬೀಳುತ್ತದೆ. ಆದರೆ ದುಡ್ಡಿಲ್ಲ ಎಂಬುದನ್ನು ‘ವಯಸ್ಸಾಯಿತು’ ಎಂದು ಹೇಳಿದಾಗ ಇರುವ ದಾರಿಗಳೂ ಮುಚ್ಚಿಹೋಗುತ್ತವೆ. ದುಡ್ಡಿನ ಮಾತನ್ನು ದುಡ್ಡಿನ ಮಾತಾಗಿಯೇ ಆಡಿದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಬಹುದು, ಬೆಂಗಳೂರಿನ ಜಯದೇವದಂಥ ಸರ್ಕಾರಿ ಹೃದ್ರೋಗ ಸಂಸ್ಥೆಯಲ್ಲಿ ವಿಚಾರಿಸಬಹುದು, ಸರ್ಕಾರದ ಮೇಲೆ ಒತ್ತಡ ತರಬಹುದು. ಆರೋಗ್ಯ ವಿಮೆ ಕೊಳ್ಳಲು ಇದ್ದ 65 ವರ್ಷದ ಮಿತಿ 2024ರ ಏಪ್ರಿಲ್‌ನಲ್ಲಿ ಹೋಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಆದಾಯ ಎಷ್ಟೇ ಇರಲಿ, ಎಪ್ಪತ್ತು ದಾಟಿದವರಿಗೆಲ್ಲ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಸೌಲಭ್ಯಕ್ಕೆ ಚಾಲನೆ ನೀಡಿತು. ಅದು ಪ್ರತಿ ಜಿಲ್ಲೆಯ ಪ್ರತಿ ಹಿರಿಯರಿಗೂ ನಿಜವಾಗಿ ಸಿಗುವಂತೆ ಮಾಡಿಸಿಕೊಳ್ಳುವುದು ನಮ್ಮ ಹಕ್ಕಿನ ಪ್ರಶ್ನೆ.

ಡಾಕ್ಟರು ಆಪರೇಷನ್ ಎಂದಾಗ ಹೆದರುವುದು ಸಹಜ. ಆ ಹೆದರಿಕೆಯಿಂದ ಕೆಲಸ ತೆಗೆಯಬಹುದು. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಮಾಡಿಸಿದರೆ ಇವರಿಗೆ ಆಗುವ ಅಪಾಯ ನೂರಕ್ಕೆ ಎಷ್ಟು? ಮಾಡಿಸದಿದ್ದರೆ ಒಂದು ವರ್ಷದಲ್ಲಿ ಏನಾಗುತ್ತದೆ? ಎದೆ ತೆರೆಯದ ದಾರಿ ಇದೆಯೇ? ಮೂರು ತಿಂಗಳ ನಂತರ ಇವರು ತಾವೇ ನಡೆದಾಡುತ್ತಾರೆಯೇ? ನಡಿಗೆ, ತೂಕ, ನೆನಪು ಎಲ್ಲ ಅಳೆದಿದ್ದೀರಾ? ಆಪರೇಷನ್‌ಗೆ ಒಪ್ಪಿದರೆ, ಸಮಯವಿರುವಾಗ ದೇಹವನ್ನು ಅಣಿಗೊಳಿಸಿ. ರಕ್ತಹೀನತೆ ಸರಿಪಡಿಸುವುದು, ಸಕ್ಕರೆ ಹಿಡಿತಕ್ಕೆ ತರುವುದು, ಹಲ್ಲಿನ ಸೋಂಕು ನೋಡಿಸುವುದು, ಉಸಿರಾಟದ ವ್ಯಾಯಾಮ, ಹೊಟ್ಟೆ ತುಂಬ ಬೇಳೆಕಾಳು ಮೊಟ್ಟೆ, ಡಾಕ್ಟರು ಒಪ್ಪಿದಷ್ಟು ನಡಿಗೆ. ಐಸಿಯುವಿನಲ್ಲಿ ಎಚ್ಚರವಾದ ಕೂಡಲೇ ಅವರ ಕನ್ನಡಕ ಮತ್ತು ಕಿವಿಯ ಯಂತ್ರ ಅವರಿಗೆ ಸಿಗಬೇಕು, ಮನೆಯವರೊಬ್ಬರು ಹತ್ತಿರ ಕೂತು ಮಾತಾಡಿಸಬೇಕು. ಮನಸ್ಸಿನ ಗೊಂದಲ ಕಡಿಮೆಯಾಗಲು ಇವು ನೆರವಾಗುತ್ತವೆ. ಬೇಡ ಎಂದು ಅವರೇ ತೀರ್ಮಾನಿಸಿದರೆ ಆ ತೀರ್ಮಾನವನ್ನು ಗೌರವಿಸಿ, ನೋವು ಉಬ್ಬಸ ತಗ್ಗಿಸುವ ಉಪಶಾಮಕ ಆರೈಕೆಯನ್ನು ಆ ದಿನವೇ ಶುರುಮಾಡಿಸಿ.

ಹೌದು ಎನ್ನಲೂ ಬೇಡ ಎನ್ನಲೂ ಅವರಿಗೆ ಹಕ್ಕಿದೆ. ಎಂಬತ್ತು ವರ್ಷ ಬದುಕಿದವರು ತಮ್ಮ ಬದುಕಿನ ಬಗ್ಗೆ ನಮಗಿಂತ ಹೆಚ್ಚು ಬಲ್ಲರು. ಅವರಿಗೆ ನಿಜ ಹೇಳಿ, ಅಂಕಿಗಳನ್ನು ಮುಂದಿಡಿ, ಅವರ ಉತ್ತರಕ್ಕಾಗಿ ಕಾಯಿರಿ. ಅಲ್ಲಿಯವರೆಗೆ ‘ಈ ವಯಸ್ಸಿನಲ್ಲಿ ಬೇಕಾ?’ ಎಂದು ಕೇಳುವ ಅಧಿಕಾರ ಅವರೊಬ್ಬರನ್ನು ಬಿಟ್ಟು ಮನೆಯಲ್ಲಿ ಇನ್ನಾರಿಗೂ ಇಲ್ಲ.